ಅರ್ಧ ಬಾನೆಟ್ಟಿನ ಹೊಳಪು

ನಮ್ಮ ಪಕ್ಕದ ಮನೆಯ ವತ್ಸಲಾಬಾಯಿಗೆ ತವರು ಎಂದರೆ ಒಬ್ಬನೇ ತಮ್ಮ, ಮಿಲಿಂದ. ತಾಯಿ ಹೋದಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿ, ಬಾಚಿ, ಶಾಲೆಗೆ ಕಳಿಸಿ ಬೆಳೆಸಿದವಳು ಇವಳೇ. ಅಂಥ ತಮ್ಮನಿಗೂ ಇವಳ ಗಂಡನಿಗೂ ಮಾತು ನಿಂತದ್ದು ಯಾವುದಕ್ಕೆ ಗೊತ್ತೇ? ಕಾರಿಗೆ ಹಾಕುವ ವ್ಯಾಕ್ಸಿಗೆ! ನಾನು ಶಂಕರಮ್ಮ, ಕಂಡದ್ದು ಕೇಳಿದ್ದನ್ನೇ ಹೇಳುವವಳು.

ಮಿಲಿಂದ ಜಹೀರಾಬಾದಿನ ಹೆದ್ದಾರಿ ಪಕ್ಕದಲ್ಲಿ ಮಷೀನಿನಿಂದ ಕಾರು ತೊಳೆಯುವ ಅಂಗಡಿ ಹಾಕಿದ್ದ. ದೊಡ್ಡ ಬ್ರಷ್‌ಗಳು ತಿರುಗಿ ತಿರುಗಿ ತೊಳೆದ ಮೇಲೆ, ಕೊನೆಗೆ ಬಣ್ಣ ಕಾಯುವ ಮೇಣವೆಂದು ವ್ಯಾಕ್ಸ್ ಸಿಂಪಡಿಸುವ ಮಷೀನು ಅದು. ನಮ್ಮ ತಾಂಡೂರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವಳ ಗಂಡ ರಾಮಚಂದ್ರರಾಯರು ತಮ್ಮ ಕಪ್ಪು ಕಾರನ್ನು ಅಲ್ಲಿ ತೊಳೆಸಿ, ವ್ಯಾಕ್ಸಿನ ಸರದಿ ಬಂದಾಗ ಗಿರಾಕಿಗಳ ಮುಂದೆಯೇ, "ಇದೇನ್ ಬಣ್ಣಾ ಕಾಯ್ತದೋ? ಸಾಬಾಣದ ನೀರಿಗಿ ದೊಡ್ಡ ಹೆಸರ ಇಟ್ಟೀದಿ" ಎಂದುಬಿಟ್ಟರು.

ಮಿಲಿಂದನ ಮೂಗಿನ ತುದಿ ಕೆಂಪಾಯಿತು. "ಪಂದ್ಯಾ ಕಟ್ರಿ ಭಾವಾ. ಬಾನೆಟ್ಟಿನ ಎಡಕ್ಕ ವ್ಯಾಕ್ಸ್ ಹಾಕ್ತೀನಿ, ಬಲಕ್ಕ ಬಿಡ್ತೀನಿ. ದಸರಾದಾಗ ಯಾವ ಕಡಿ ಹೊಳೀತದ ನೋಡೂಣು. ನಾ ಸೋತ್ರ ನಿಮ್ಮ ಹೊಸ್ತಲಾ ತುಳಿಯಂಗಿಲ್ಲ."

"ಆತು" ಎಂದರು ರಾಯರು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಇಬ್ಬರಲ್ಲಿ ಒಬ್ಬನಾದರೂ ವತ್ಸಲಾಬಾಯಿಯ ಮುಖ ನೋಡಬೇಕಿತ್ತಲ್ಲ?

ಅದು ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲರೂ ಮುಷ್ಕರ ಹೂಡಿದ ವರ್ಷ. ಬಸ್ಸಿಲ್ಲ, ಕಚೇರಿಯಿಲ್ಲ, ಪಗಾರವೂ ಇಲ್ಲ. ರಾಯರು ನಂಬರ್ ಪ್ಲೇಟಿನಲ್ಲಿ ಆಂಧ್ರದ ಎ.ಪಿ. ಮೇಲೆ ತೆಲಂಗಾಣದ ಟಿ.ಜಿ. ಎಂಬ ಚೀಟಿ ಅಂಟಿಸಿ, ಕಾರನ್ನು ಗೇಟಿನ ಹೊರಗಿನ ಬೇವಿನ ಮರದಡಿ ನಿಲ್ಲಿಸಿ, ಬೆಳಗಾದರೆ ಮುಷ್ಕರದ ಟೆಂಟಿಗೆ ನಡೆಯುತ್ತಿದ್ದರು. ತಾಂಡೂರಿನ ಗಣಿಗಳ ಕಲ್ಲುಪುಡಿ ಗೊತ್ತಲ್ಲ, ನಿಂತದ್ದರ ಮೇಲೆಲ್ಲ ಕೂಡುತ್ತದೆ. ಆಗಾಗ ಬಕೆಟ್ಟಿನಲ್ಲಿ ತೊಳೆಯುತ್ತಿದ್ದರು. ಮೊದಮೊದಲು ಎಡಗಡೆ ನೀರು ಹನಿಹನಿಯಾಗಿ ಉರುಳುತ್ತಿತ್ತು. ಬರಬರುತ್ತ ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ.

ಒಂದು ಮುಂಜಾನೆ ರಾಯರು ಟೆಂಟಿಗೆ ಹೋದ ಮೇಲೆ ಗೋಡೆಯಾಚೆ ನೋಡುತ್ತೇನೆ, ವತ್ಸಲಾಬಾಯಿ ಅಂಗೈಗೆ ಕೊಬ್ಬರಿ ಎಣ್ಣೆ ಸುರುವಿಕೊಂಡು ಎಡ ಬಾನೆಟ್ಟಿಗೆ ತಿಕ್ಕುತ್ತಿದ್ದಾಳೆ!

"ಅಯ್ಯ ಶಿವನ, ಇದೇನ್ರೀ ವೈನಿ?"

"ಶಂಕರಮ್ಮಾ, ನಿಮ್ಮ ಕಾಲ್ ಹಿಡೀತೀನಿ, ಇವರ ಮುಂದ ಅನ್ನಬ್ಯಾಡ್ರಿ. ದಸರಾದಾಗ ಇದು ಹೊಳೀಲಿಲ್ಲಂದ್ರ ನನಗ ತವರಿಲ್ಲ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಎಣ್ಣೆಗೆ ಧೂಳು ಇನ್ನೂ ಹೆಚ್ಚು ಮೆತ್ತುತ್ತದೆ. ದಿನವೂ ಒರೆಸಬೇಕು, ದಿನವೂ ಹಚ್ಚಬೇಕು. ಹಾಗೇ ಮಾಡಿದಳು ಪುಣ್ಯಾತ್ಗಿತ್ತಿ.

ದಸರೆಯ ದಿನ ಮಿಲಿಂದ ಮೋಟಾರ್ ಸೈಕಲ್ಲಿನಲ್ಲಿ ಬನ್ನಿ ಎಲೆ ಹಿಡಿದು ಬಂದು ಗೇಟಿನ ಹೊರಗೇ ನಿಂತ. ರಾಯರು ಬಾನೆಟ್ಟಿನ ಮೇಲೆ ಒಂದು ತಂಬಿಗೆ ನೀರು ಸುರಿದರು. ಬಲಗಡೆ ನೀರು ಹರಡಿತು, ಎಡಗಡೆ ಮಣಿಮಣಿಯಾಗಿ ಜಾರಿತು.

"ಗೆದ್ದೀದಿ. ಬಾ ಒಳಗ" ಎಂದರು ರಾಯರು. ವತ್ಸಲಾಬಾಯಿ ಆಗ ಉಸಿರು ಬಿಟ್ಟಳು.

ಮಿಲಿಂದ ಒಳಗೆ ಬರಲಿಲ್ಲ. ಬಾನೆಟ್ಟಿಗೆ ಬೆರಳು ಸವರಿ ಮೂಸಿ ನೋಡಿದ. ಆಮೇಲೆ ಅಕ್ಕನ ತಲೆ ನೋಡಿದ. ಹಬ್ಬದ ದಿನವೂ ಅವಳ ಕೂದಲು ಜೋಳದ ಒಣಗಿದ ರವದಿ ಗರಿಯಂತೆ ಕೆದರಿತ್ತು. ಪಗಾರವಿಲ್ಲದ ಮನೆಯಲ್ಲಿ ಇದ್ದದ್ದು ಒಂದೇ ಬಾಟಲಿ ಎಣ್ಣೆ.

"ನಾ ಗೆದ್ದಿಲ್ಲ ಭಾವಾ. ನನ್ನ ವ್ಯಾಕ್ಸು ಎರಡು ವಾರ ನೀರು ತಡೀತದ, ಹೊಳಪು ಕೊಡ್ತದ, ಅಷ್ಟ. ನಾಕ್ ಸಲ ತೊಳದ್ರ ಮುಗೀತು. ಇದು ಅಕ್ಕನ ತಲಿ ಎಣ್ಣಿ. ಸಣ್ಣಾಂವ ಇದ್ದಾಗಿಂದ ಮೂಗಿಗಿ ಗೊತ್ತದ."

ರಾಯರೂ ಬೆರಳು ಸವರಿ ಮೂಸಿದರು. ಹೆಂಡತಿಯ ತಲೆಯನ್ನು ಆ ತಿಂಗಳಲ್ಲಿ ಮೊದಲ ಸಲ ನೋಡಿದರೆಂದು ಕಾಣುತ್ತದೆ. ಆಮೇಲೆ ಮಿಲಿಂದನ ಕಡೆ ತಿರುಗಿ, "ಹಂಗಾರ ಸೋತೀದಿ. ಮಾತಂದ್ರ ಮಾತು. ನಮ್ಮ ಹೊಸ್ತಲಾ ತುಳಿಬ್ಯಾಡ" ಎಂದರು.

ನನ್ನ ಕೈಯಲ್ಲಿ ಪೊರಕೆಯಿತ್ತು. ಬೀಸಿ ಒಗೆಯುವುದೊಂದೇ ಬಾಕಿ. ಅಷ್ಟರಲ್ಲಿ ರಾಯರು ಪಡಸಾಲೆಯ ಗೂಟದಿಂದ ಕಾರಿನ ಕೀಲಿ ತೆಗೆದುಕೊಂಡರು. "ನಾವು ಅವನ ಹೊಸ್ತಲಾ ತುಳಿಬಾರದಂತ ಪಂದ್ಯದಾಗ ಇಲ್ಲಲ್ಲ? ವತ್ಸಲಾ, ಸೀರಿ ಬದಲಿಸ್ಕೋ. ನಿನ್ನ ತವರಿಗಿ ಹೋಗೂಣು."

ಬೀದಿಯಲ್ಲೇ ಬನ್ನಿ ಕೊಟ್ಟು ಭಾವ ಮೈದುನರು ನಮ್ಮ ಕಡೆಯ ದಸರೆಯ ವಾಡಿಕೆಯಂತೆ ಅಲಾಯ್ ಬಲಾಯ್ ಎಂದು ಅಪ್ಪಿಕೊಂಡರು. ನಾನು ಓಡಿಹೋಗಿ ನನ್ನ ಎಣ್ಣೆ ಬಾಟಲಿ ತಂದೆ. ಮಿಲಿಂದ ಅಕ್ಕನನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ತಾನೇ ಅವಳ ತಲೆಗೆ ಎಣ್ಣೆ ಹಚ್ಚಿದ. ಅವಳು ಅಳುತ್ತ ನಗುತ್ತ ಕೂತಿದ್ದಳು.

ಕಾರು ಹೊರಟಾಗ ಎಡ ಬಾನೆಟ್ಟಿಗೆ ಆಗಲೇ ಕಲ್ಲುಪುಡಿ ಮೆತ್ತಿತ್ತು. ಯಾರೂ ಒರೆಸಲಿಲ್ಲ.