ಬಲಕ್ಕೆ ಎಳೆಯುತ್ತಿದ್ದ ಗಾಡಿ

ಆ ಗಾಡಿ ಘಣಸೋಲಿಯ ನನ್ನ ಶೆಡ್ಡಿಗೆ ಬಂದಾಗ ನನಗೆ ಇಪ್ಪತ್ನಾಲ್ಕು ವರ್ಷ. ಎರಡೂ ಚಕ್ರ ಹಿಡಿದುಹೋಗಿದ್ದವು. ಟೆಂಪೋದಿಂದ ಇಳಿಸಲು ನಾಲ್ಕು ಜನ ಬೇಕಾಯಿತು. ಹಳೆಯ ಟೂ-ಸ್ಟ್ರೋಕ್ ಬೈಕು, ಎರಡು ಸಿಲಿಂಡರಿನದು. ಯಾರೋ ಹಿಂದಿನ ಭಾಗ ಕತ್ತರಿಸಿ ಒಂದು ಗೇಣು ಉದ್ದ ಮಾಡಿದ್ದರು. ತೂಕ ಇಳಿಸಲು ಬ್ರೇಕ್ ಪ್ಲೇಟು, ಹಿಂದಿನ ಚೈನ್ ಚಕ್ರ, ಕಾಲಿಡುವ ಪಟ್ಟಿ ಎಲ್ಲದಕ್ಕೂ ತೂತು ಹೊಡೆದಿದ್ದರು. ಪಕ್ಕದ ಅಂಗಡಿಯವನು ನೋಡಿ, ಇದರಲ್ಲಿ ಚಹಾ ಸೋಸಬಹುದು ಅಂದ.

ಅದು ಡ್ರ್ಯಾಗ್ ರೇಸಿನ ಗಾಡಿ. ಡ್ರ್ಯಾಗ್ ಅಂದರೆ ತಿರುವೇ ಇಲ್ಲದ ರೇಸು. ಕಾಲು ಮೈಲಿ ನೆಟ್ಟಗೆ ಓಡಬೇಕು, ಮೊದಲು ಮುಟ್ಟಿದವನು ಗೆದ್ದ. ಅಷ್ಟೇ.

ತಂದವರು ಮೈಸೂರಿನವರು, ಐರೋಲಿಯ ಒಂದು ಐಟಿ ಕಂಪನಿಯಲ್ಲಿ ದೊಡ್ಡ ಕೆಲಸ. ನಾನು ಅವರನ್ನು ಸಾಹೇಬರು ಅನ್ನುತ್ತಿದ್ದೆ. ಗುಜರಿಯಲ್ಲಿ ಸಿಕ್ಕ ಗಾಡಿಯನ್ನು ಅವರು ಕೊಂಡಿದ್ದರು. ಮೂರು ತಿಂಗಳಿಗೆ ಘಾಟಿನ ಆಚೆ ಒಂದು ಖಾಸಗಿ ರನ್‌ವೇ ಮೇಲೆ ಡ್ರ್ಯಾಗ್ ಇತ್ತು, ಹಳೆ ಗಾಡಿಗಳಿಗೆ ಬೇರೆ ಪಾಳಿ. ಅಲ್ಲಿ ತಾವೇ ಓಡಿಸಬೇಕು ಅನ್ನುವುದು ಅವರ ಆಸೆ. ಪ್ರತಿ ಮಾತಿಗೂ ಒರಿಜಿನಲ್, ಒರಿಜಿನಲ್ ಅನ್ನುತ್ತಿದ್ದರು. ಬಣ್ಣ ಒರಿಜಿನಲ್, ತೂತು ಒರಿಜಿನಲ್, ತುಕ್ಕು ಮಾತ್ರ ಬೇಡ.

ವೆಲ್ಡಿಂಗ್ ನೋಡಿದ ಕೂಡಲೇ ಯಾರ ಕೈ ಅಂತ ನನಗೆ ಗೊತ್ತಾಯಿತು. ಕಲ್ಯಾಣದಲ್ಲಿ ನಾನು ಕೆಲಸ ಕಲಿತ ಗ್ಯಾರೇಜಿನ ಕಾಕಾನದು. ಗದಗಿನ ಕಡೆಯವರು. ಒಂಬತ್ತನೇ ಕ್ಲಾಸು ಬಿಟ್ಟ ಮೇಲೆ ಆರು ವರ್ಷ ಅವರ ಹತ್ತಿರ ಇದ್ದೆ. ಆಮೇಲೆ ಹೇಳದೆ ಕೇಳದೆ ಘಣಸೋಲಿಯಲ್ಲಿ ಶೆಡ್ಡು ಹಾಕಿದೆ. ಪೂಜೆಗೂ ಕರೆಯಲಿಲ್ಲ. ಮೂರು ವರ್ಷ ಮಾತಿರಲಿಲ್ಲ. ಗಾಡಿ ಅವರದು ಅಂತ ಗೊತ್ತಿದ್ದೂ ನಾನು ಅವರಿಗೆ ತಿಳಿಸಲಿಲ್ಲ. ನಾನೊಬ್ಬನೇ ಮಾಡಿ ತೋರಿಸಬೇಕು ಅಂತಿತ್ತು.

ಆ ಗಾಡಿಯ ಕಥೆ ಗ್ಯಾರೇಜಿನಲ್ಲಿ ಎಲ್ಲರಿಗೂ ಬಾಯಿಪಾಠ. ಓಡಿಸುತ್ತಿದ್ದವರು ಉಡುಪಿ ಕಡೆಯವರು, ಕಾಕಾನ ದೋಸ್ತ. ಒಂದು ಸಲ ಗೆದ್ದರು. ಮುಂದಿನ ಸಲ ಗೇರ್ ತಪ್ಪಿ ಬಿದ್ದರು, ಎಡಗಾಲು ಮೂರು ಕಡೆ ಮುರಿಯಿತು. ಈಗ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವರ ಝೆರಾಕ್ಸ್ ಅಂಗಡಿ. ಕುಂಟುತ್ತಾ ಗ್ಯಾರೇಜಿಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಗೇರ್ ಹಾಕಲು ಹೋದ ಕಾಲೇ ಮುರಿಯಿತು ಅಂತ ತಾವೇ ನಗುತ್ತಿದ್ದರು. ಅವಸರದ ಗಿರಾಕಿ ಬಂದರೆ ಕಾಕಾ ಅವರ ಕಡೆ ಬೆರಳು ತೋರಿಸಿ ಇದೇ ಕಥೆ ಹೇಳುತ್ತಿದ್ದರು.

ಕಾಕಾನ ಹತ್ತಿರ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಬಿಚ್ಚಿದ್ದನ್ನು ತಂತಿಗೆ ಪೋಣಿಸಬೇಕು. ಬೋಲ್ಟು, ಅದರ ವಾಶರು, ನಟ್ಟು, ತೆಗೆದ ಸಾಲಿನಲ್ಲೇ. ಜೋಡಿಸುವಾಗ ತಂತಿಯ ಕೊನೆಯಿಂದ ಶುರು. ಒಂದು ಇಂಜಿನ್ನಿಗೆ ಏಳೆಂಟು ತಂತಿ ಗೋಡೆಗೆ ನೇತಾಡುತ್ತಿದ್ದವು. ನನಗೆ ಅದು ಮುದುಕರ ಕೆಲಸ ಅನಿಸುತ್ತಿತ್ತು. ಹೊಸ ಮೊಬೈಲ್ ತಗೊಂಡಿದ್ದೆ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ಹೊಡೆದೆ, ಸರಸರ ಬಿಚ್ಚಿದೆ, ನಟ್ಟು ಬೋಲ್ಟು ವಾಶರು ಎಲ್ಲ ಒಂದೇ ಚೀಲಕ್ಕೆ ಹಾಕಿ ಅಂಬರನಾಥದಲ್ಲಿ ತುಕ್ಕು ಹಿಡಿಯದ ಹಾಗೆ ಝಿಂಕ್ ಲೇಪ ಹೊಡೆಸಿದೆ. ಚೀಲ ವಾಪಸ್ಸು ಬಂದಾಗ ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು.

ಎರಡು ತಿಂಗಳು ಕೆಲಸ ಮಾಡಿದೆ. ಇಂಜಿನ್ ಕೊರೆಸಿ ಹೊಸ ಪಿಸ್ಟನ್ ಹಾಕಿದೆ. ಕ್ಲಚ್ ಪ್ಲೇಟು, ವೈರಿಂಗು, ಟೈರು ಹೊಸದು. ಸೈಲೆನ್ಸರಿನ ಒಳಗಿನ ಕರಿ ಸುಟ್ಟು ತೆಗೆದೆ. ಹಿಂದಿನ ಚಕ್ರವನ್ನು ಎರಡೂ ಕಡೆ ಅಳೆದು ನಡುವೆ ಕೂರಿಸಿದೆ. ಅಳತೆ ಸಮ ಬಂತು. ಕೊನೆಗೆ ಐದು ದಪ್ಪ ವಾಶರ್ ಉಳಿದವು. ಫೋಟೋದಲ್ಲಿ ಹುಡುಕಿದೆ, ಎಲ್ಲೂ ಕಾಣಲಿಲ್ಲ. ಹಳೆ ಗಾಡಿ, ಯಾರೋ ಯಾವಾಗಲೋ ತುರುಕಿದ್ದು ಅಂತ ಡಬ್ಬಿಗೆ ಎಸೆದೆ.

ರೇಸಿಗೆ ಮೂರು ವಾರ ಇರುವಾಗ ಒಂದು ಭಾನುವಾರ ಬೆಳಿಗ್ಗೆ ಓಡಿಸಿ ನೋಡಿದೆವು. ಕಟ್ಟಡ ಏಳದ ಒಂದು ಸೆಕ್ಟರಿನ ರಸ್ತೆ, ಡಾಂಬರು ಹೊಸದು, ನಾಯಿ ಬಿಟ್ಟರೆ ಯಾರಿಲ್ಲ. ಸಾಹೇಬರು ಕಾರಿನ ಬಾನೆಟ್ ಮೇಲೆ ಕೂತಿದ್ದರು. ಒಂದನೇ ಗೇರಿನಲ್ಲಿ ಸರಿ ಹೋಯಿತು. ಎರಡನೆಯದರಲ್ಲಿ ಇಂಜಿನ್ನಿನ ಪೂರ್ತಿ ಶಕ್ತಿ ಬಂದ ಕ್ಷಣ ಗಾಡಿ ಬಲಕ್ಕೆ ಎಳೆಯಿತು. ಸ್ವಲ್ಪ ಅಲ್ಲ. ಯಾರೋ ಹಿಂದಿನಿಂದ ಹಿಡಿದು ತಿರುಗಿಸಿದ ಹಾಗೆ. ಆಕ್ಸಿಲರೇಟರ್ ಬಿಟ್ಟೆ. ಡಿವೈಡರಿನಿಂದ ಒಂದು ಅಡಿ ದೂರದಲ್ಲಿ ನಿಂತಿತು. ಮತ್ತೆ ಎರಡು ಸಲ ನೋಡಿದೆ, ಅದೇ.

ಸಾಹೇಬರಿಗೆ ಅದು ನನ್ನ ತೋಳಿನ ದೋಷ ಅನಿಸಿತು. ಹ್ಯಾಂಡಲ್ ಗಟ್ಟಿಯಾಗಿ ಹಿಡಿಯಬೇಕು ಅಂದರು, ನಾನು ದಿನಾ ಜಿಮ್ಮಿಗೆ ಹೋಗುತ್ತೇನೆ ಅಂದರು. ನೂರರ ಮೇಲಿನ ಸ್ಪೀಡಿನಲ್ಲಿ ಹೀಗೆ ಎಳೆದರೆ ತೋಳು ಏನೂ ಮಾಡುವುದಿಲ್ಲ. ಅವರಿಗೆ ಹೆಂಡತಿ ಇದ್ದರು, ಇಬ್ಬರು ಮಕ್ಕಳಿದ್ದರು. ಅವರು ಬಿದ್ದರೆ ಬೀಳಿಸಿದವನು ನಾನು.

ನಾಲ್ಕು ದಿನ ಒದ್ದಾಡಿದೆ. ಚೈನು, ಬೇರಿಂಗು, ಮುಂದಿನ ಫೋರ್ಕು ಎಲ್ಲ ಮತ್ತೆ ನೋಡಿದೆ. ಏನೂ ಸಿಗಲಿಲ್ಲ. ಐದನೇ ದಿನ ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಕಲ್ಯಾಣಕ್ಕೆ ಹೋದೆ.

ಕಾಕಾ ಒಂದು ಸ್ಕೂಟರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನನ್ನನ್ನು ನೋಡಿದರು, ಮತ್ತೆ ಸ್ಕೂಟರು ನೋಡಿದರು. ಅವರ ಕೈ ನಡುಗುತ್ತಿತ್ತು, ನಾನಿದ್ದಾಗ ಹಾಗಿರಲಿಲ್ಲ. ಸ್ಪ್ಯಾನರು ಬೋಲ್ಟಿಗೆ ಕೂರಲು ಎರಡು ಮೂರು ಸಲ ಬೇಕಾಗುತ್ತಿತ್ತು.

"ಏನಪಾ, ಶೆಟ್‌ಜಿ. ದಾರಿ ತಪ್ಪೇನು?"

"ಒಂದು ಗಾಡಿ ಬಲಕ್ಕ ಎಳ್ಯಾಕತ್ತೈತಿ, ಕಾಕಾ."

"ಯಾರ ಗಾಡಿ?"

"ನಿಮ್ದ. ಆ ಉದ್ದಂದು."

ಅವರು ಸ್ಪ್ಯಾನರು ಕೆಳಗಿಟ್ಟರು. ಎಲ್ಲಿ ಸಿಕ್ಕಿತು, ಯಾರು ಕೊಂಡರು, ಯಾರು ಓಡಿಸುತ್ತಾರೆ ಅಂತ ಕೇಳಿದರು. ಎಲ್ಲ ಹೇಳಿದೆ.

"ತಂತಿ ಎಲ್ಲಿ?"

ನಾನು ಮೊಬೈಲ್ ತೆಗೆದೆ. ಅವರು ಅದರ ಕಡೆ ನೋಡಲೇ ಇಲ್ಲ. "ಒಳಗಿನ ವಾಶರ್ ಅದರಾಗ ಕಾಣಸ್ತಾವೇನ?" ಅಂದರು. ಇಲ್ಲ ಅಂದೆ. ನಾಳೆ ಬರುತ್ತೇನೆ ಅಂದು ಮತ್ತೆ ಸ್ಕೂಟರಿಗೆ ಕೈ ಹಾಕಿದರು. ಚಹಾ ಕೇಳಲಿಲ್ಲ.

ಮರುದಿನ ಹತ್ತಕ್ಕೆ ಬಂದರು. ಜೇಬಿನಲ್ಲಿ ದಾರದ ಉಂಡೆ, ಒಂದು ತುಂಡು ಸೀಮೆಸುಣ್ಣ. ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಎರಡೂ ಬದಿಗೆ ದಾರ ಕಟ್ಟಿಸಿದರು, ಅದರ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ನಾನು ಚಕ್ರವನ್ನು ಅದರ ಹಿಂದಿನ ಚೌಕಟ್ಟಿನ ನಡುವೆ ಕೂರಿಸಿದ್ದೆ. ಆದರೆ ಆ ಚೌಕಟ್ಟೇ ಮುಂದಿನ ಚಕ್ರದ ಸಾಲಿನಲ್ಲಿ ಇರಲಿಲ್ಲ. ಬಲಕ್ಕೆ ಅರ್ಧ ಬೆರಳು ಸರಿದಿತ್ತು, ಸ್ವಲ್ಪ ತಿರುಚಿಕೊಂಡಿತ್ತು. ದಾರ ಕಟ್ಟಿದ ಮೇಲೆ ಕುರುಡನಿಗೂ ಕಾಣುವಂತಿತ್ತು.

"ದಪ್ಪ ವಾಶರ್ ಐದು ಇದ್ದವಲ್ಲ?" ಅಂದರು.

ಡಬ್ಬಿಯಿಂದ ತಂದೆ. ಮೂರು ಇಂಜಿನ್ನಿನ ಕೆಳಗೆ, ಎರಡು ಹಿಂದಿನ ಚಕ್ರದ ಬದಿಗೆ ಅಂತ ಹೇಳಿದರು. ನನಗೆ ಜೀವ ಬಂತು. ಒಂದು ಗಂಟೆಯ ಕೆಲಸ. ಆದರೆ ಅವರು ವಾಶರು ಕೈಯಲ್ಲಿ ತೆಗೆದುಕೊಳ್ಳಲಿಲ್ಲ.

"ಹಾಕಬ್ಯಾಡ."

"ಯಾಕ ಕಾಕಾ?"

"ಫ್ರೇಮ್ ಸೊಟ್ಟ ಐತಿ. ಪ್ರ್ಯಾಕ್ಟೀಸ್ ಮಾಡೂವಾಗ ಅವ ಒಮ್ಮೆ ಬಿದ್ದಿದ್ದ. ರೇಸಿಗೆ ಎರಡ ದಿನ ಇತ್ತು. ಪೈಪ್ ಬದಲಿ ಮಾಡಾಕ ಟೈಮ್ ಇರಲಿಲ್ಲ. ವಾಶರ್ ತುರುಕಿ ನೆಟ್ಟಗ ಮಾಡಿ ಕೊಟ್ಟೆ. ಅವಗ ಹೇಳಲಿಲ್ಲ. ಅವ ಗೆದ್ದ."

ದಾರ ಬಿಚ್ಚಿ ಉಂಡೆಗೆ ಸುತ್ತಿದರು.

"ಗೆದ್ದ ಗಾಡಿ ಯಾರ ಬಿಚ್ಚತಾರ? ಮುಂದಿನ ಸಲಾನೂ ಹಂಗ ಬಿಟ್ಟೆ. ಸ್ಟಾರ್ಟಿಗೆ ಆ ವಾಶರಿನ ಬೋಲ್ಟ್ ಸಡಲಾತು. ಗಾಡಿ ಬಾಜೂಕ ಹೋತು. ಅವನ ಗೇರ್ ತಪ್ಪಿರಲಿಲ್ಲ."

ಆರು ವರ್ಷ ನಾನು ಆ ಗೇರಿನ ಕಥೆ ಕೇಳಿದ್ದೆ, ನನ್ನ ಗಿರಾಕಿಗಳಿಗೂ ಹೇಳಿದ್ದೆ. ನಿಮ್ಮ ದೋಸ್ತನಿಗೆ ಗೊತ್ತೇನು ಅಂತ ಕೇಳಿದೆ. ಕಾಕಾ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಆಸ್ಪತ್ರೆಯಲ್ಲಿ ಎಚ್ಚರ ಬಂದಾಗ ಅವರೇ ಗೇರ್ ತಪ್ಪಿತು ಅಂದರಂತೆ. ಕಾಕಾ ಹೌದು ಅಂದರಂತೆ.

ಸಂಜೆ ಸಾಹೇಬರು ಬಂದರು. ಹಿಂದಿನ ಪೈಪು ಕತ್ತರಿಸಿ ಹೊಸದು ಹಾಕಬೇಕು ಅಂದೆ. ಅವರಿಗೆ ಸರಿ ಬರಲಿಲ್ಲ.

"ವಾಶರ್ ಹಾಕ್ಬಿಡಪ್ಪ. ಅದೇ ತಾನೆ ಒರಿಜಿನಲ್? ಫ್ರೇಮ್ ಕಟ್ ಮಾಡಿದ್ರೆ ಆಮೇಲೆ ಇದು ಆ ಗಾಡಿನೇ ಅಲ್ಲ."

"ಹಂಗಾರ ಬ್ಯಾರೆ ಕಡೆ ತೊಗೊಂಡ ಹೋಗ್ರಿ ಸರ. ನಾ ಜೋಡಸಂಗಿಲ್ಲ."

ಅವರ ಮುಖ ಕೆಂಪಾಯಿತು. ಎರಡು ತಿಂಗಳು ಕಾದದ್ದು ಇದಕ್ಕಾ, ರೇಸಿಗೆ ಹೆಸರು ಕೊಟ್ಟಾಗಿದೆ, ಆಫೀಸಿನವರನ್ನೆಲ್ಲ ಕರೆದಿದ್ದೇನೆ ಅಂತ ಶುರು ಮಾಡಿದರು. ಕಾಕಾ ಒಂದು ಆಯಿಲ್ ಡಬ್ಬದ ಮೇಲೆ ಕೂತಿದ್ದರು. ಅಲ್ಲಿಂದಲೇ, ಬೆಳಿಗ್ಗೆ ನನಗೆ ಹೇಳಿದ್ದನ್ನು ಅವರಿಗೂ ಹೇಳಿದರು. ಅದೇ ದನಿ, ಒಂದು ಮಾತು ಹೆಚ್ಚಿಲ್ಲ. ಸಾಹೇಬರು ಗಾಡಿ ನೋಡಿದರು, ನೆಲದ ಮೇಲಿನ ಸೀಮೆಸುಣ್ಣದ ಗೆರೆ ನೋಡಿದರು. ಎಷ್ಟು ದಿನ ಬೇಕು ಅಂತ ಕೇಳಿದರು.

ಒಂದು ವಾರ ಬೇಕಾಯಿತು. ಅಂಬರನಾಥದ ಎಂಐಡಿಸಿ ಕಾರ್ಖಾನೆಗಳ ಸಾಲಿನಲ್ಲಿ ಒಬ್ಬ ಫ್ಯಾಬ್ರಿಕೇಟರಿನ ಹತ್ತಿರ ದೊಡ್ಡ ಕಬ್ಬಿಣದ ಮೇಜು ಇತ್ತು. ಫ್ರೇಮನ್ನು ಅದಕ್ಕೆ ಬಿಗಿದು ಸೀಟಿನ ಕೆಳಗಿನ ಎರಡು ಪೈಪು ಕತ್ತರಿಸಿದೆ. ಒಳಗೆ ಒಂದು ಪೈಪು ಅರ್ಧ ಸೀಳಿತ್ತು. ವಾಶರು ಹಾಕಿ ಓಡಿಸಿದ್ದರೆ ಅದು ಅಲ್ಲೇ ಮುರಿಯುತ್ತಿತ್ತು. ಕಾಕಾ ದಿನಾ ಲೋಕಲ್ ಹಿಡಿದು ಬಂದರು. ವೆಲ್ಡಿಂಗ್ ನನ್ನದು, ಅವರ ಕೈಯಲ್ಲಿ ಆಗುತ್ತಿರಲಿಲ್ಲ. ಒಂದೇ ಕಡೆ ಬೆಸೆದರೆ ಬಿಸಿಗೆ ಪೈಪು ಎಳೆಯುತ್ತದೆ. ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ, ಯಾವಾಗ ನಿಲ್ಲಿಸಬೇಕು ಅಂತ ಅವರು ನನ್ನ ಬೆನ್ನಿಗೆ ಬೆರಳು ತಾಗಿಸಿ ಹೇಳುತ್ತಿದ್ದರು. ಈ ಸಲ ಎಲ್ಲವನ್ನೂ ತಂತಿಗೆ ಪೋಣಿಸಿದೆ. ಅವರು ಒಂದೊಂದು ತಂತಿಯನ್ನೂ ಮುಟ್ಟಿ ನೋಡಿದರು.

ಮತ್ತೆ ಅದೇ ಸೆಕ್ಟರಿನ ರಸ್ತೆಯಲ್ಲಿ ಓಡಿಸಿದೆ. ಎರಡು, ಮೂರು, ನಾಲ್ಕನೇ ಗೇರು. ನೆಟ್ಟಗೆ ಹೋಯಿತು. ಸಾಹೇಬರಿಗೂ ಆರು ಸಲ ಓಡಿಸಲು ಕೊಟ್ಟೆ.

ರೇಸಿನ ದಿನ ಕಾಕಾ ಒಬ್ಬರೇ ಬರಲಿಲ್ಲ. ಝೆರಾಕ್ಸ್ ಅಂಗಡಿಯ ದೋಸ್ತನನ್ನು ಕರೆದುಕೊಂಡು ಬಂದಿದ್ದರು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ ತೂತುಗಳನ್ನು ಬೆರಳಿನಿಂದ ಮುಟ್ಟಿದರು. ಇದರಲ್ಲಿ ಅರ್ಧ ತೂತು ಹೊಡೆದದ್ದು ನಾನು ಅಂತ ಸಾಹೇಬರಿಗೆ ಹೇಳಿದರು. ಸಾಹೇಬರು ಅವರ ಕಾಲಿನ ಕಡೆ ನೋಡಿ, ಆಮೇಲೆ ಹೆಲ್ಮೆಟ್ಟು ಹಾಕಿಕೊಂಡರು.

ಹಳೆ ಗಾಡಿಗಳು ಏಳು ಇದ್ದವು. ನಮ್ಮದು ಐದನೆಯದು ಬಂತು. ಸಾಹೇಬರು ಹೊರಡುವಾಗ ಕ್ಲಚ್ ತಡವಾಗಿ ಬಿಟ್ಟರು, ಅದಕ್ಕೆ. ಗಾಡಿ ಮಾತ್ರ ಗೆರೆ ಬಿಟ್ಟು ಅಲುಗಲಿಲ್ಲ. ಹೊಗೆ ಹೋಗುವವರೆಗೆ ಮೂವರೂ ಬೇಲಿ ಹಿಡಿದು ನಿಂತಿದ್ದೆವು.

"ನಾನು ಅವತ್ತು ಗೇರ್ ಸರಿಯಾಗಿ ಹಾಕಿದ್ರೆ ಹೀಗೇ ಹೋಗ್ತಿತ್ತು ಮಾರಾಯ," ಅಂದರು ದೋಸ್ತ.

"ನಿನ್ನ ಗೇರ್ ತಪ್ಪಿರಲಿಲ್ಲ," ಅಂದರು ಕಾಕಾ. ಆಮೇಲೆ ಎಲ್ಲ ಹೇಳಿದರು. ಅಲ್ಲೇ, ಬೇಲಿಯ ಹತ್ತಿರ, ಮುಂದಿನ ಗಾಡಿಗಳ ಸದ್ದಿನ ನಡುವೆ. ಸದ್ದು ಜೋರಾದಾಗ ನಿಲ್ಲಿಸುತ್ತಿದ್ದರು, ನಿಂತ ಮೇಲೆ ಮತ್ತೆ ಬಿಟ್ಟ ಕಡೆಯಿಂದ ಶುರು ಮಾಡುತ್ತಿದ್ದರು.

ದೋಸ್ತ ಪೂರ್ತಿ ಕೇಳಿದರು.

"ಹಾಗಾದ್ರೆ ಇಷ್ಟು ವರ್ಷ ನಾನು ನನ್ನ ಕಾಲಿಗೇ ಬೈದದ್ದು," ಅಂದರು. "ನೀನು ಎದುರಿಗೆ ಕೂತು ಚಹಾ ಕುಡಿದದ್ದು."

ಕಾಕಾ ಹೂಂ ಅಂದರು. ಅವರು ಕುಂಟುತ್ತಾ ಗೇಟಿನ ಕಡೆ ಹೋದರು. ವಾಪಸ್ಸು ಹೋಗುವಾಗ ಸಾಹೇಬರ ಕಾರಿನಲ್ಲಿ ಮುಂದೆ ಕೂತರು. ನಾವು ಟೆಂಪೋದಲ್ಲಿ ಗಾಡಿಯ ಜೊತೆ ಬಂದೆವು. ಪನವೇಲ್ ದಾಟಿದ ಮೇಲೆ ಕಾಕಾ, ಚೈನಿಗೆ ಎಣ್ಣೆ ಕಡಿಮೆ ಆಗಿದೆ ಅಂದರು.

ಗಾಡಿ ಈಗಲೂ ಸಾಹೇಬರ ಹತ್ತಿರ ಇದೆ. ಒರಿಜಿನಲ್ ಏನು ಅಂತ ಕೇಳಿದವರಿಗೆ ಪೈಪು ಬದಲಾಗಿದೆ ಅಂತ ತಾವೇ ಮೊದಲು ಹೇಳುತ್ತಾರೆ.

ಆ ದೋಸ್ತ ಏಳೆಂಟು ತಿಂಗಳು ಕಲ್ಯಾಣದ ಗ್ಯಾರೇಜಿಗೆ ಕಾಲಿಡಲಿಲ್ಲ. ಕಾಕಾನೂ ಡೊಂಬಿವಲಿಗೆ ಹೋಗಲಿಲ್ಲ. ನಾನು ಅಷ್ಟರಲ್ಲಿ ವಾರಕ್ಕೊಮ್ಮೆ ಗ್ಯಾರೇಜಿಗೆ ಹೋಗಲು ಶುರು ಮಾಡಿದ್ದೆ, ಭಾರದ ಕೆಲಸ ಇದ್ದರೆ ಮಾಡಿ ಬರುತ್ತಿದ್ದೆ. ಅಂಥ ಒಂದು ದಿನ ದೋಸ್ತ ತಮ್ಮ ಸ್ಕೂಟರ್ ತಳ್ಳಿಕೊಂಡು ಬಂದರು. ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ ಅಂದರು. ಕಾಕಾ ನನಗೆ ಕೊಡಲಿಲ್ಲ, ತಾವೇ ಕೂತರು. ಕೈ ನಡುಗುತ್ತಿದ್ದರಿಂದ ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಮೊದಲೆಲ್ಲ ದೋಸ್ತ ಅಂಥ ಹೊತ್ತಿನಲ್ಲಿ ಬೆಂಚಿನ ಮೇಲೆ ಪೇಪರು ಓದುತ್ತಿದ್ದರು. ಆ ದಿನ ಬೆಂಚಿನ ಮೇಲೆ ಕೂರಲಿಲ್ಲ. ಕಾಕಾನ ತಲೆಯ ಮೇಲೆ ಬಾಗಿ, ಒಂದೊಂದು ಬೋಲ್ಟೂ ಕೂರುವವರೆಗೆ ನೋಡುತ್ತಾ ನಿಂತಿದ್ದರು.