ಸಂಡಿಗೆ ಮೆಷಿನ್ನಿನಲ್ಲಿ ಒಣಗಿದ ಹಾಡು

ಆ ಶನಿವಾರ ನಾನೂ ನಮ್ಮ ಯಜಮಾನರೂ ಸಂಡಿಗೆ ಮೆಷಿನ್ನಿಗಾಗಿ ಜಗಳವಾಡಿದೆವು. ಮೆಲ್ಬರ್ನಿನ ಬಿಸಿಲನ್ನು ನಂಬಿ ಏನನ್ನೂ ಒಣಗಿಸುವಂತಿಲ್ಲವೆಂದು ನಾನು ತರಿಸಿಕೊಂಡ ಮೆಷಿನ್ ಅದು. ಅವರು ಅದರಲ್ಲಿ ಟೇಪು ಒಣಗಿಸುತ್ತಿದ್ದರು.

ವಾರವೆಲ್ಲ ಅವರಿಗೆ ಡಾಕ್‌ಲ್ಯಾಂಡ್ಸಿನಲ್ಲಿ ಬ್ಯಾಂಕಿನ ಕೆಲಸ. ಉಳಿದ ಹೊತ್ತೆಲ್ಲ ನಮ್ಮ ಸಬರ್ಬಿನ ಸಣ್ಣ ರೇಡಿಯೋದ ಐರಿಷ್ ಸಂಗೀತದ ಕಾರ್ಯಕ್ರಮಕ್ಕೆ ಮೀಸಲು. ಅದನ್ನು ನಡೆಸುತ್ತಿದ್ದವರು ಐರ್ಲೆಂಡಿನ ಒಬ್ಬ ಮುದುಕರು. ಹಿಂದೆ ಅಲ್ಲಿಂದ ಬಂದು ನೆಲೆಸಿದವರು ಮನೆಯಲ್ಲಿ ಹಾಡಿದ್ದು, ಪಿಟೀಲು ಬಾರಿಸಿದ್ದು ದೊಡ್ಡ ಸುರುಳಿ ಟೇಪುಗಳಲ್ಲಿ ಉಳಿದಿರುತ್ತಿತ್ತು. ಹಳೆಯ ಟೇಪು ಅಂಟಿಕೊಂಡು ಬಿಚ್ಚುವುದಿಲ್ಲ. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿದರೆ ಕೆಲವು ವಾರ ಸರಿಯಾಗಿ ಓಡುತ್ತದೆ; ಅಷ್ಟರೊಳಗೆ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಉಡುಪಿಯವರಿಗೆ ಇದೆಂಥ ಹುಚ್ಚು ಎಂದರೆ, "ನಮ್ಮ ಭಜನೆಯ ಹಾಗೇ ಉಂಟಲ್ಲ, ಮುಗಿಯುವುದೇ ಇಲ್ಲ" ಎನ್ನುತ್ತಿದ್ದರು.

"ಮಜ್ಜಿಗೆ ಮೆಣಸು ಅರ್ಧ ಒಣಗಿದೆ. ಈಗ ತೆಗೆದ್ರೆ ಹಾಳಾಗ್ತದೆ" ಎಂದೆ.

"ಮೆಣಸು ಇನ್ನೊಮ್ಮೆ ಮಾಡ್ಬಹುದು ಮಾರಾಯ್ತಿ."

"ಮೆಣಸಾದ್ರೆ ಊಟಕ್ಕಾಗ್ತದೆ. ನಿಮ್ಮ ಟೇಪನ್ನು ಕರಿಲಿಕ್ಕೆ ಆಗ್ತದಾ?"

ಕೊನೆಗೆ ಮೇಲಿನ ತಟ್ಟೆಯಲ್ಲಿ ಟೇಪು, ಕೆಳಗಿನದರಲ್ಲಿ ಮೆಣಸು ಎಂದು ರಾಜಿಯಾಯಿತು.

"ಯಾರು ಹಾಡಿದ್ದು?" ಎಂದು ಕೇಳಿದೆ.

"ಟೇಪು ಹಾಡಿದ ಮೇಲೆ ಹೇಳ್ತೇನೆ."

ಅದು ಅವರ ಪದ್ಧತಿ. ಮೊದಲೇ ಹೆಸರು ಬಾಯಿಬಿಟ್ಟರೆ ಟೇಪು ಕೈಕೊಡುತ್ತದೆಂದು ನಂಬಿದ್ದರು. ಹಾಡಿದ ದಿನ ಊಟಕ್ಕೆ ಕೂತು ಹೆಸರು, ಊರು ಎಲ್ಲ ಹೇಳುವರು. ಆಮೇಲೆ ಡಬ್ಬಿಯ ಮೇಲೆ ಬರೆಯುವರು.

ಮರುದಿನ ಬೆಳಿಗ್ಗೆ ಹಾಲು ತರಲು ಹೋದವರು ಅಂಗಡಿಯ ಬಾಗಿಲಲ್ಲೇ ಕುಸಿದರು. ಮತ್ತೆ ಏಳಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಮೆಷಿನ್ ತೆರೆದು, ಟೇಪನ್ನು ಮುದುಕರಿಗೆ ತಲುಪಿಸಿದೆ. ಸುರುಳಿ ತಿರುಗತೊಡಗಿದ್ದೇ ಅವರು ಸೀನತೊಡಗಿದರು. ಸೀನಿನ ನಡುವೆ ಒಬ್ಬ ಹೆಂಗಸು ವಾದ್ಯವಿಲ್ಲದೆ ಹಾಡುತ್ತಿದ್ದಳು. ಟೇಪು ಎಲ್ಲಿಯೂ ತಡವರಿಸಲಿಲ್ಲ.

ಇದು ನಮ್ಮವರ ಕೊನೆಯ ಕೆಲಸ, ರೇಡಿಯೋದಲ್ಲಿ ಹಾಕಿ ಎಂದು ಕೇಳಿಕೊಂಡೆ. ಹಾಡಿದವರ ಹೆಸರು ಹೇಳದೆ ಹಾಡು ಹಾಕುವುದಿಲ್ಲವೆಂದರು. ಆ ನಿಯಮ ತಂದವರು ನಿಮ್ಮ ಯಜಮಾನರೇ ಎಂದೂ ಹೇಳಿದರು.

ಟೇಪು ಬಂದದ್ದು ಸಿಡ್ನಿಯಿಂದ. ಅಲ್ಲಿನ ರೌಸ್ ಹಿಲ್ಲಿನ ನಾದಿನಿಯ ಮನೆಯ ಪೂಜೆಗೆ ನಮ್ಮವರೊಬ್ಬರೇ ಹೋದಾಗ ತಂದದ್ದು. ಅವಳಿಗೆ ಫೋನ್ ಮಾಡಿದೆ.

"ಅಣ್ಣ ಮೊಸರು ತರ್ತೇನೆ ಅಂತ ಹೋದದ್ದು ಅತ್ತಿಗೆ. ಸತ್ಯನಾರಾಯಣ ಕಥೆ ಮುಗೀತು, ಮಂಗಳಾರತಿ ಆಯ್ತು, ಎಲ್ಲರದ್ದೂ ಊಟ ಆಯ್ತು. ಆಮೇಲೆ ಬಂದ. ಮೊಸರಿಲ್ಲ, ಟವಲಲ್ಲಿ ಸುತ್ತಿದ ಆ ಟೇಪು."

"ಯಾರ ಮನೆಯದ್ದು ಅಂತ ಕೇಳ್ಲಿಲ್ವಾ?"



"ಕೇಳಿದೆ. ಹಾಡಿದ ಮೇಲೆ ಹೇಳ್ತೇನೆ ಅಂದ."

ಇಬ್ಬರಿಗೂ ನಗು ಬಂತು. ಆಮೇಲೆ ಇಬ್ಬರೂ ಅತ್ತೆವು.

ಮುದುಕರು ತಮ್ಮ ಕಾರ್ಯಕ್ರಮದಲ್ಲಿ ಕೇಳಿನೋಡಿದರು: ಸಿಡ್ನಿಯ ಒಬ್ಬ ಹೆಂಗಸಿನ ಹಾಡು, ಟೇಪಿಗೆ ಮಜ್ಜಿಗೆ ಮೆಣಸಿನ ವಾಸನೆ, ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಫೋನುಗಳು ಬಂದವು. ಎಲ್ಲವೂ ಮೆಣಸು ಮಾಡುವುದು ಹೇಗೆಂದು ಕೇಳಲು.

ಟೇಪು ಸ್ಟೇಷನ್ನಿನ ಕಪಾಟಿನಲ್ಲಿದೆ. ಡಬ್ಬಿಯ ಮೇಲೆ ಬರೆಯಲು ಆ ಹೆಂಗಸಿನ ಹೆಸರು ಇನ್ನೂ ಸಿಕ್ಕಿಲ್ಲ.