ಎಣ್ಣೆ ಕುಪ್ಪಿ ಹಿಡಿದು ನಡೆದದ್ದು

ಅಂಗಳದಲ್ಲಿ ಕೊಬ್ಬರಿ ಹರಡುತ್ತಿದ್ದೆ. ಮುಳ್ಳೇರಿಯದ ಡಾಕ್ಟರಲ್ಲಿಗೆ ಹೋಗಿದ್ದ ಸೊಸೆ ಬಸ್ಸಿಳಿದು ಬಂದವಳು ಕೊಡೆಯನ್ನೂ ಮಡಚದೆ ನಿಂತು ಸುದ್ದಿ ಹೇಳಿದಳು. ರಕ್ತದಲ್ಲಿ ಸಕ್ಕರೆ ಶುರುವಾಗಿದೆಯಂತೆ, ಈಗಲೇ ಮದ್ದು ಬೇಡವಂತೆ, ದಿನಾ ನಡೆಯಬೇಕಂತೆ. ಮದ್ದು ಬೇಡವೆಂದದ್ದೇ ದೊಡ್ಡದು ಎಂದು ನಾನು ಒಳಗೊಳಗೇ ದೇವರಿಗೆ ಕೈಮುಗಿದೆ. ಅವಳ ಮುಖ ಮಾತ್ರ ಬಾಡಿತ್ತು.

"ಕೆಲಸ ಇಲ್ಲದೆ ಸುಮ್ಮನೆ ನಡೆಯುವುದು ಹೇಗೆ ಅತ್ತೆ? ಎಲ್ಲಿಗೆ ಅಂತ ಯಾರಾದ್ರೂ ಕೇಳಿದರೆ ಎಂತ ಹೇಳುವುದು?"

ನನಗೆ ನಗು ಬಂತು. ಬಿಸಿಲಿಗೆ ಕಾದ ಕೊಬ್ಬರಿಯ ವಾಸನೆಗೋ ಏನೋ, ನನ್ನ ಅತ್ತೆಯವರ ಎಣ್ಣೆ ಕುಪ್ಪಿ ಕಣ್ಣಮುಂದೆ ಬಂದು ನಿಂತಿತು.

ಅದು ಯುದ್ಧದ ಸಮಯ. ಸೀಮೆಎಣ್ಣೆ ಸಿಗದೆ ಊರೆಲ್ಲ ಸಂಜೆಗೇ ಉಂಡು ಮಲಗುತ್ತಿದ್ದ ಕಾಲ. ನನ್ನ ಮೊದಲ ಮಗು ಹುಟ್ಟಿತು, ಉಳಿಯಲಿಲ್ಲ. ಹೆರಿಗೆಯ ಅಮೆ-ಸೂತಕದ ದಿನಗಳು ಕಳೆದು, ಬಾಣಂತನದ ಮದ್ದುಗಳೂ ಮುಗಿದರೂ ನಾನು ಚಾಪೆ ಬಿಟ್ಟು ಏಳಲಿಲ್ಲ. ಕಾಲು ಬಾತಿತ್ತು. ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪಂಡಿತರು ನಾಡಿ ನೋಡಿ, ಜಗಲಿಯಲ್ಲಿ ಅತ್ತೆಯೊಡನೆ ಏನೋ ಹೇಳಿ ಹೋದರು. ಮರುದಿನ ಅತ್ತೆ ತಾನೊಂದು ಹರಕೆ ಹೊತ್ತಿದ್ದೇನೆ ಎಂದರು. ಗದ್ದೆಯಾಚೆಯ ದೇವಸ್ಥಾನದ ದೀಪಕ್ಕೆ ದಿನಾ ಬೆಳಿಗ್ಗೆ ಒಂದು ಕುಪ್ಪಿ ತೆಂಗಿನೆಣ್ಣೆ ಒಪ್ಪಿಸಬೇಕು. ತನಗೆ ಕಣ್ಣು ಮಂಜಾಗಿದೆ, ಗದ್ದೆಯ ಬದುವಿನಲ್ಲಿ ಕೈ ಹಿಡಿಯಲು ಜನ ಬೇಕು. ದೇವರ ಕೆಲಸ, ಅತ್ತೆಯ ಮಾತು. ಎದ್ದೆ.

ಆಗ ಹೆಂಗಸರು ನೀರಿಗೋ ಸೊಪ್ಪಿಗೋ ದೇವರಿಗೋ ನಡೆಯಬಹುದಿತ್ತು. ಸುಮ್ಮನೆ ನಡೆಯುವುದೆಂಬುದೇ ಇರಲಿಲ್ಲ. ಮೊದಲ ದಿನ ಕಲ್ಲು ಕಂಡಲ್ಲೆಲ್ಲ ಕುಳಿತೆ. ಕಣ್ಣು ಮಂಜಾದ ಅತ್ತೆ ದಾರಿಯ ಒಂದೊಂದು ಬೇರನ್ನೂ ನನಗೇ ತೋರಿಸಿ ದಾಟಿಸಿದರು. ಅದರಲ್ಲೇನೋ ಉಂಟೆಂದು ನನ್ನ ಮಂಡೆಗೆ ಹೊಳೆಯಲಿಲ್ಲ, ನೋಡಿ! ಬರುಬರುತ್ತಾ ಕಲ್ಲುಗಳು ಬೇಡವಾದವು. ಕಾಲಿನ ಬಾವು ಇಳಿಯಿತು, ಮಲಗಿದರೆ ನಿದ್ದೆ ಹತ್ತಿತು. ಒಂದು ಬೆಳಿಗ್ಗೆ ವಾಪಸು ಬರುವಾಗ ಯಾರದೋ ಮನೆಯ ದೋಸೆಯ ವಾಸನೆಗೆ ಬಾಯಲ್ಲಿ ನೀರು ಬಂತು. ಹಸಿವು ಎಷ್ಟು ದೊಡ್ಡ ವರ ಎಂದು ತಿಳಿಯಲು ಅದೊಮ್ಮೆ ಬಿಟ್ಟುಹೋಗಿರಬೇಕು.

ಮಾವ ಪಾಪದವರು, ಮೆದು ಮನಸ್ಸಿನವರು. ನಮ್ಮ ಅಲೆದಾಟ ಕಂಡು ಮರುಗಿ, ಯಾರಿಗೂ ಹೇಳದೆ ಆಳಿನ ಕೈಯಲ್ಲಿ ಒಂದು ಡಬ್ಬಿ ಎಣ್ಣೆಯನ್ನು ದೇವಸ್ಥಾನದ ಭಟ್ಟರಿಗೆ ಕಳಿಸಿಬಿಟ್ಟರು. ನಾವು ಹೊರಟಾಗ ಮೀಸೆಯಡಿಯಲ್ಲೇ ನಗುತ್ತಾ ಹೇಳಿದರು: "ಇನ್ನು ನೀವು ಹೋಗಬೇಕೂಂತ ಇಲ್ಲ. ತಿಂಗಳಿಗಾಗುವ ಎಣ್ಣೆ ಅಲ್ಲಿ ಉಂಟು."

ಗಂಡನೆದುರು ಸ್ವರ ಎತ್ತದ ಅತ್ತೆ ಕುಪ್ಪಿಯನ್ನು ಜಗಲಿಯಲ್ಲಿಟ್ಟು ಕುಳಿತುಬಿಟ್ಟರು. "ಎಣ್ಣೆ ಕಳಿಸಿದಿರಿ, ಒಳ್ಳೆದಾಯ್ತು. ಈ ಹುಡುಗಿ ನಡೆಯುವುದನ್ನು ಯಾರ ಕೈಯಲ್ಲಿ ಕಳಿಸ್ತೀರಿ? ಪಂಡಿತರು ಹೇಳಿದ ಮದ್ದು ಅದೇ ಅಲ್ವಾ?"

ಹರಕೆ ಯಾರಿಗಾಗಿ ಎಂದು ನನಗೆ ತಿಳಿದದ್ದು ಆಗ. ಸೆರಗಿನಲ್ಲಿ ಮುಖ ಒರೆಸಿಕೊಂಡೆ. ದೇವರಿಗೆ ಕೊಟ್ಟದ್ದನ್ನು ವಾಪಸು ತರುವಂತಿಲ್ಲ. ಡಬ್ಬಿ ತುಂಬಿರುವಾಗ ಮತ್ತೆ ಕುಪ್ಪಿ ಹಿಡಿದು ಹೋದರೆ ಊರು ನಗುತ್ತದೆ. ಮಾವ ಬಹಳ ಹೊತ್ತು ತಲೆ ತುರಿಸಿಕೊಂಡರು. ಆಮೇಲೆ ಬೇಲಿಯ ಹತ್ತಿರ ಹೋಗಿ, ಕೇಪಳದ ಕೆಂಪು ಹೂಗೊಂಚಲುಗಳನ್ನು ಕೊಯ್ದು, ಬಾಳೆಲೆಯಲ್ಲಿಟ್ಟು, ನನ್ನ ಮುಖ ನೋಡದೆ ಮುಂದೆ ಹಿಡಿದರು.

"ಹೂ ನಾಳೆಗೆ ಬಾಡ್ತದೆ. ತಿಂಗಳಿನದ್ದು ಒಟ್ಟಿಗೆ ಕಳಿಸ್ಲಿಕ್ಕೆ ಆಗುದಿಲ್ಲ."

ಮಳೆಗಾಲ ಹಿಡಿಯುವವರೆಗೂ ಆ ಬೇಲಿಯ ಹೂ ಹಿಡಿದು ನಡೆದೆ. ಮುಂದೆ ಹುಟ್ಟಿದ ಮಕ್ಕಳು ಗಟ್ಟಿಮುಟ್ಟಾಗಿ ಉಳಿದರು. ಈ ಸೊಸೆಯ ಗಂಡ ಅವರಲ್ಲಿ ಕೊನೆಯವನು.

ಸೊಸೆ ಇನ್ನೂ ಕೊಡೆ ಹಿಡಿದೇ ನಿಂತಿದ್ದಳು. ನಾಳೆ ಬೆಳಿಗ್ಗೆ ನನ್ನೊಟ್ಟಿಗೆ ದೇವಸ್ಥಾನಕ್ಕೆ ಬಾ, ಒಬ್ಬಳೇ ಹೋಗಲು ನನಗೂ ಧೈರ್ಯ ಸಾಲುವುದಿಲ್ಲ ಎಂದೆ.

"ಈ ಕೊಬ್ಬರಿಯ ಎಣ್ಣೆ ಆದ ಮೇಲೆ ಹೋದರೆ ಆಗದಾ ಅತ್ತೆ? ದೀಪಕ್ಕೆ ಆಗ್ತದೆ."

"ಎಣ್ಣೆ ಬೇಡ ಮಾರಾಯ್ತಿ, ಅದನ್ನು ನಿನ್ನ ಗಂಡ ಒಟ್ಟಿಗೆ ಕಳಿಸಿಬಿಟ್ಟಾನು. ಹೂ ಕೊಯ್ದಿಡು" ಎಂದು ಹೇಳಿ, ಕಾಗೆ ಓಡಿಸಿ, ಕೊಬ್ಬರಿ ಮಗುಚತೊಡಗಿದೆ.